ಟೀಮ್ ಸೋಲ್: ಎರಡು ಸಲ ಆಟವೇ ಬಂದ್ ಆದ್ರೂ ಉಳಿದ ತಂಡ

ಹೆಸರು ಕೇಳಿ ಸೋತವರ ತಂಡ ಅಂದ್ಕೋಬೇಡಿ. ಇಂಗ್ಲಿಷ್‌ನಲ್ಲಿ ಸೋಲ್ ಅಂದ್ರೆ ಆತ್ಮ. ಅಂಗಡಿ ಕಟ್ಟೆ ಮೇಲೆ ಕೂತು ಹುಡುಗರು ಆಡುವ ಬಿಜಿಎಂಐ ಆಟದಲ್ಲಿ ದೇಶದ ಹೆಸರಾಂತ ತಂಡಗಳಲ್ಲಿ ಇದೂ ಒಂದು.

ಆರಂಭ: ಕಟ್ಟಿದ್ದು 'ಮಾರ್ಟಲ್' ಹೆಸರಿನಲ್ಲಿ ಆಡುವ ನಮನ್ ಮಾಥುರ್. 2019ರ ಮಾರ್ಚ್‌ನಲ್ಲಿ ಹೈದರಾಬಾದ್‌ನಲ್ಲಿ ನಡೆದ ಪಬ್‌ಜಿ ಮೊಬೈಲ್ ಇಂಡಿಯಾ ಸೀರೀಸ್ ಗೆದ್ದು ತಂಡ 30 ಲಕ್ಷ ರೂ. ಬಹುಮಾನ ಪಡೆಯಿತು. ಅದೇ ವರ್ಷ ಬರ್ಲಿನ್‌ನ ಜಾಗತಿಕ ಫೈನಲ್‌ನಲ್ಲೂ ಆಡಿತು.

ಮೊದಲ ಪೆಟ್ಟು: 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಆಡೋಕೆ ಆಟವೇ ಇಲ್ಲ! 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಬಿಜಿಎಂಐ ತಂದ ಮೇಲೆ ಮತ್ತೆ ಶುರು.

ಎರಡನೇ ಪೆಟ್ಟು: 2022ರಲ್ಲಿ ಗಾಬ್ಲಿನ್, ಒಮೆಗಾ, ಹೆಕ್ಟರ್, ಅಕ್ಷತ್ ಎಂಬ ಹೊಸ ಹುಡುಗರು ಬಿಎಂಪಿಎಸ್ ಟೂರ್ನಿ ಗೆದ್ದು ರಿಯಾದ್‌ಗೆ ಹೋದರು. ಅದೇ ಜುಲೈ ಕೊನೆಗೆ ಬಿಜಿಎಂಐ ಕೂಡ ಪ್ಲೇ ಸ್ಟೋರ್‌ನಿಂದ ಮಾಯ. ವಾಪಸ್ ಬಂದಿದ್ದು 2023ರ ಮೇನಲ್ಲಿ.

ಉಳಿದದ್ದು ಹೇಗೆ?: ಏಟ್‌ಬಿಟ್ ಜೊತೆ ಸೇರಿ ಎಸ್8ಯುಎಲ್ ಸಂಸ್ಥೆ ಆಗಿತ್ತು. ಟೂರ್ನಿ ನಿಂತರೂ ಯೂಟ್ಯೂಬ್ ಲೈವ್, ವಿಡಿಯೋ ನಿಲ್ಲಲಿಲ್ಲ. ಬರೀ ಬಹುಮಾನದ ಹಣ ನಂಬಿದ್ರೆ ಕಷ್ಟ ಇತ್ತು.

ಪೋಷಕರ ಗಮನಕ್ಕೆ: 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಎರಡೂ ಒಂದೇ ಅಲ್ಲ. ಆದ್ರೆ ಇದನ್ನೇ ನಂಬಿ ಓದು ಬಿಡ್ತೀನಿ ಅನ್ನೋ ಮಗನಿಗೆ ಈ ತಂಡದ ಕಥೆ ಪೂರ್ತಿ ಹೇಳಿ: ಎಷ್ಟೇ ಚೆನ್ನಾಗಿ ಆಡಿದ್ರೂ ಆಟದ ಸ್ವಿಚ್ ಆಡುವವರ ಕೈಲಿಲ್ಲ.