ಮಗುವಿನ ಮಾತಿಗೆ ಕಿವಿಗೊಟ್ಟ ಮನೆ: ರೋಶನಿ ನಿಲಯ ಮತ್ತು ಗೊಂಬೆಯಾಟದ ಪಾಠ

ಮಂಗಳೂರಿನ ವೆಲೆನ್ಸಿಯಾದಲ್ಲಿ 1960ರಲ್ಲಿ ಬಾಗಿಲು ತೆರೆದ ರೋಶನಿ ನಿಲಯದ ಸಮಾಜಕಾರ್ಯ ವಿದ್ಯಾಲಯವು ಕರ್ನಾಟಕದಲ್ಲಿ ಸಮಾಜಕಾರ್ಯ ಶಿಕ್ಷಣಕ್ಕೆ ಬುನಾದಿ ಹಾಕಿದ ಸಂಸ್ಥೆಗಳ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಇಲ್ಲಿ ಕಲಿತು ಆಸ್ಪತ್ರೆ, ನ್ಯಾಯಾಲಯ, ಬಾಲಮಂದಿರ, ಅಂಗನವಾಡಿಗಳ ನಡುವೆ ದುಡಿಯುತ್ತಿರುವ ನಮ್ಮಂಥವರಿಗೆ ಈ ಸಂಸ್ಥೆಯ ಇತಿಹಾಸವನ್ನು ಬರೆಯುವುದೆಂದರೆ ಋಣಸಂದಾಯದ ಕೆಲಸ. ಆ ಇತಿಹಾಸದಲ್ಲಿ ಎಳೆಯ ಮಕ್ಕಳ ಸುರಕ್ಷತೆಯ ಅಧ್ಯಾಯವನ್ನು ವಿಶೇಷವಾಗಿ ದಾಖಲಿಸಬೇಕೆಂಬ ಬಯಕೆಯಿಂದ ಈ ಲೇಖನ.

ಸಂಸ್ಥೆಯನ್ನು ಕಟ್ಟಿದವರು 'ಡಾಟರ್ಸ್ ಆಫ್ ದ ಹಾರ್ಟ್ ಆಫ್ ಮೇರಿ' ಸಭೆಯ ಭಗಿನಿಯರು. ಫ್ರೆಂಚ್ ಕ್ರಾಂತಿಯ ಬಿರುಗಾಳಿಯ ನಡುವೆ, 1790ರ ಸುಮಾರಿಗೆ, ಯೇಸುಸಭೆಯ ಗುರು ಪಿಯೆರ್ ಜೋಸೆಫ್ ದ ಕ್ಲೋರಿವಿಯೇರ್ ಮತ್ತು ಅಡೆಲೈಡ್ ದ ಸಿಸೆ ಅವರ ಸಂಕಲ್ಪದಿಂದ ಹುಟ್ಟಿದ ಸಭೆ ಇದು. ಇದರ ಸದಸ್ಯೆಯರಿಗೆ ಪ್ರತ್ಯೇಕ ಸನ್ಯಾಸಿನಿ ಉಡುಪಿಲ್ಲ. ಜನರ ನಡುವೆ ಜನರಂತೆಯೇ ಇದ್ದು ಸೇವೆ ಸಲ್ಲಿಸುವುದು ಇವರ ಕ್ರಮ. ನಮ್ಮ ಊರಿನ ಕೇರಿ, ಕಡಲತೀರಗಳ ಮನೆಯಂಗಳಕ್ಕೆ ವಿದ್ಯಾರ್ಥಿಗಳನ್ನು ಕಳಿಸುವ ಶಿಕ್ಷಣಕ್ಕೆ ಇದಕ್ಕಿಂತ ಒಪ್ಪುವ ಹಿನ್ನೆಲೆ ಸಿಗಲಾರದು.

ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾದದ್ದು 1936ರಲ್ಲಿ. ಅದಾಗಿ ಕಾಲು ಶತಮಾನ ತುಂಬುವ ಮೊದಲೇ ಮಂಗಳೂರಿನಂಥ ಊರಿನಲ್ಲಿ ಅದೇ ವಿಷಯವನ್ನು ಬೋಧಿಸಲು ಹೊರಟದ್ದು ಸಣ್ಣ ಸಾಹಸವಲ್ಲ. ದಾನಧರ್ಮ ಗೊತ್ತಿದ್ದ ಸಮಾಜಕ್ಕೆ, ಕಷ್ಟದಲ್ಲಿರುವವರ ಮಾತು ಕೇಳಲೂ ತರಬೇತಿ ಬೇಕು ಎಂಬುದನ್ನು ಒಪ್ಪಿಸಬೇಕಾಗಿತ್ತು. ಪ್ರಾಂಶುಪಾಲೆಯಾಗಿ ಸಂಸ್ಥೆಯನ್ನು ಮುನ್ನಡೆಸಿದ ಪ್ರೊ. ಒಲಿಂಡಾ ಪಿರೇರಾ ಅವರನ್ನು ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ನೆನೆಯುತ್ತೇವೆ. ನಿವೃತ್ತಿಯ ಬಳಿಕವೂ ವಿಶ್ರಾಂತಿ ಬಯಸದೆ, ವಿಶ್ವಾಸ್ ಟ್ರಸ್ಟ್ ಮೂಲಕ ಹಿರಿಯ ನಾಗರಿಕರ ಸೇವೆಗೆ ನಿಂತವರು ಅವರು.

1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕರಾವಳಿಯ ಉನ್ನತ ಶಿಕ್ಷಣಕ್ಕೆ ಹೊಸ ಬಲ ಬಂತು. ಸಮಾಜಕಾರ್ಯದ ಜೊತೆಗೆ ಆಪ್ತಸಮಾಲೋಚನೆ, ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದಂಥ ವಿಷಯಗಳೂ ಕಾಲಕ್ರಮದಲ್ಲಿ ರೋಶನಿ ನಿಲಯದಲ್ಲಿ ಸೇರಿಕೊಂಡವು. ಸಂಸ್ಥೆ ಸ್ವಾಯತ್ತ ಕಾಲೇಜಾಗಿ ಬೆಳೆಯಿತು. ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಬೇಕಾಗುವುದು ಈ ಮೂರೂ: ಮನೆಯವರ ಜೊತೆ ನಿಲ್ಲುವ ಕಾರ್ಯಕರ್ತೆ, ಮನಸ್ಸನ್ನು ಸಂತೈಸುವ ಆಪ್ತಸಮಾಲೋಚಕಿ, ಸಾಕ್ಷ್ಯವನ್ನು ಕೆಡದಂತೆ ಕಾಯುವ ತಜ್ಞ.

ಆದರೆ ಸಂಸ್ಥೆಯ ಜೀವಾಳ ಕ್ಷೇತ್ರಕಾರ್ಯವೇ. ವಾರದ ಕೆಲವು ದಿನ ತರಗತಿ ಬಿಟ್ಟು ಜನರ ಬಳಿ ಹೋಗುವುದು, ಕಂಡದ್ದನ್ನು ವರದಿಯಾಗಿ ಬರೆಯುವುದು, ಗುರುಗಳ ಮುಂದೆ ಕೂತು ತಿದ್ದಿಸಿಕೊಳ್ಳುವುದು. ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದೂ ಇಂಥದೇ ಕ್ಷೇತ್ರಕಾರ್ಯದಿಂದ. 1996ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಜೆರೂ ಬಿಲಿಮೋರಿಯಾ ಅವರು ಆರಂಭಿಸಿದ ಚೈಲ್ಡ್‌ಲೈನ್ ಕ್ರಮೇಣ ದೇಶವ್ಯಾಪಿಯಾಯಿತು. ದಕ್ಷಿಣ ಕನ್ನಡದಲ್ಲಿ ಅದರ ಹೊಣೆ ಹೊತ್ತವರಲ್ಲಿ ರೆನ್ನಿ ಡಿಸೋಜ ಅವರ ನೇತೃತ್ವದ 'ಪಡಿ' ಸಂಸ್ಥೆಯ ಹೆಸರನ್ನು ಗೌರವದಿಂದ ಸ್ಮರಿಸಬೇಕು. ರೋಶನಿ ನಿಲಯವೂ ಆ ಜಾಲದಲ್ಲಿ ಕೈಜೋಡಿಸಿತು.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನ ಪ್ರಕಟವಾದಾಗ ದೇಶವೇ ಬೆಚ್ಚಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಆ ಅಧ್ಯಯನದಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ಹೇಳಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. 'ಅಪರಿಚಿತರ ಜೊತೆ ಮಾತಾಡಬೇಡ' ಎಂಬ ಹಳೆಯ ಎಚ್ಚರಿಕೆಯೊಂದೇ ಸಾಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಮನೆಗೆ ಬಂದುಹೋಗುವ ಮಾವನ ಬಗ್ಗೆ, ನೆರೆಮನೆಯ ಅಣ್ಣನ ಬಗ್ಗೆ ನಾಲ್ಕು ವರ್ಷದ ಮಗುವಿಗೆ ಹೆದರಿಕೆ ಹುಟ್ಟಿಸದೆ ಹೇಳುವುದು ಹೇಗೆ? ಈ ಪ್ರಶ್ನೆಗೆ ಸಿಕ್ಕಿದ ಉತ್ತರಗಳಲ್ಲಿ ಒಂದು ಗೊಂಬೆ.

ಹೊರದೇಶಗಳಲ್ಲಿ ಈ ದಾರಿ ಮೊದಲೇ ತೆರೆದಿತ್ತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಕಾರ್ಡೀಲಿಯಾ ಆ್ಯಂಡರ್ಸನ್ ಅವರು ಸ್ಪರ್ಶದ ಭೇದಗಳನ್ನು ಮಕ್ಕಳಿಗೆ ತಿಳಿಸುವ ಕ್ರಮವೊಂದನ್ನು ರೂಪಿಸಿದರು. ಅಲ್ಲಿನ ಇಲ್ಯೂಷನ್ ಥಿಯೇಟರ್ ಅದನ್ನು ರಂಗಕ್ಕೆ ತಂದಿತು. 1977ರಲ್ಲಿ ಬಾರ್ಬರಾ ಐಯೆಲ್ಲೊ ಎಂಬ ಶಿಕ್ಷಕಿ ಆರಂಭಿಸಿದ 'ಕಿಡ್ಸ್ ಆನ್ ದ ಬ್ಲಾಕ್' ಗೊಂಬೆ ತಂಡ ಮೊದಲು ಅಂಗವೈಕಲ್ಯದ ಬಗ್ಗೆ, ಮುಂದೆ ದೌರ್ಜನ್ಯದ ಬಗ್ಗೆ ಮಕ್ಕಳೊಂದಿಗೆ ಮಾತಾಡಿತು. ನಮ್ಮ ದೇಶದಲ್ಲಿ 1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ಶಾಲಾ ಶಿಕ್ಷಕರಿಗೆ ಗೊಂಬೆಯಾಟದ ತರಬೇತಿ ನೀಡಿ, ಗೊಂಬೆಯನ್ನು ತರಗತಿಯೊಳಕ್ಕೆ ತಂದಿತು.

ಕರಾವಳಿಗಂತೂ ಗೊಂಬೆ ಹೊಸದಲ್ಲ. ಕುಂದಾಪುರ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನ ಯಕ್ಷಗಾನ ಗೊಂಬೆಯಾಟವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದೆ. ಕೊಗ್ಗ ದೇವಣ್ಣ ಕಾಮತರು ಅದಕ್ಕೆ ಸಂಗೀತ ನಾಟಕ ಅಕಾಡೆಮಿಯ ಮನ್ನಣೆ ತಂದರು. ಮಗ ಭಾಸ್ಕರ ಕೊಗ್ಗ ಕಾಮತರು ಆ ಪರಂಪರೆಯನ್ನು ಮುನ್ನಡೆಸಿದರು. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ. ಇವರೆಲ್ಲರದು ಕಿರೀಟ, ಭುಜಕೀರ್ತಿ ತೊಟ್ಟ ಸೂತ್ರದ ಗೊಂಬೆಗಳ ಪ್ರೌಢ ಕಲೆ. ಸುರಕ್ಷತೆಯ ಪಾಠಕ್ಕಾಗಿ ಅಂಗನವಾಡಿಗೆ ಬೇಕಾದದ್ದು ಕೈಗೆ ತೊಟ್ಟುಕೊಳ್ಳುವ ಬಟ್ಟೆಯ ಗೊಂಬೆ. ಆದರೆ ಮರದ ತುಂಡಿಗೆ ಜೀವ ಬಂದದ್ದನ್ನು ನಂಬುವ ಪ್ರೇಕ್ಷಕವರ್ಗವನ್ನು ಈ ಜಿಲ್ಲೆಗಳಲ್ಲಿ ಬೆಳೆಸಿದವರು ಆ ಹಿರಿಯರೇ.

ಕೈಗೊಂಬೆಯ ಆಟಕ್ಕೆ ಹೆಚ್ಚಿನ ಸಲಕರಣೆ ಬೇಡ. ಎರಡು ಕುರ್ಚಿಗಳ ನಡುವೆ ಹಳೆಯ ಸೀರೆಯೊಂದನ್ನು ಕಟ್ಟಿದರೆ ಪರದೆ ಸಿದ್ಧ. ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಕಣ್ಣು, ಕಪ್ಪು ಉಣ್ಣೆ ನೂಲು ಹೊಲಿದರೆ ಜಡೆ. ಗೊಂಬೆ ಹುಡುಗಿ ಮೊದಲು ತನ್ನ ತಲೆ, ಕೈ, ಹೊಟ್ಟೆಗಳ ಹೆಸರು ಹೇಳುತ್ತಾಳೆ. ಒಳಉಡುಪು ಮುಚ್ಚುವ ಭಾಗ ತನ್ನದೇ, ಅದನ್ನು ಬೇರೆಯವರು ಮುಟ್ಟುವಂತಿಲ್ಲ, ನೋಡುವಂತಿಲ್ಲ ಎನ್ನುತ್ತಾಳೆ. ಸ್ನಾನ ಮಾಡಿಸುವ ಅಮ್ಮ, ಅಮ್ಮನ ಎದುರಿನಲ್ಲೇ ಪರೀಕ್ಷಿಸುವ ಡಾಕ್ಟರು ಬೇರೆ ಎಂಬುದನ್ನೂ ಬಿಡಿಸಿ ಹೇಳುತ್ತಾಳೆ. ಆಮೇಲೆ ಚಾಕಲೇಟು ಹಿಡಿದ ಮಾವನ ಗೊಂಬೆ ಬಂದು, 'ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬೇಡ' ಎಂದು ಪಿಸುಗುಟ್ಟುತ್ತದೆ. ಆಗ ಹುಡುಗಿ ಗೊಂಬೆ ಮಕ್ಕಳ ಕಡೆ ತಿರುಗಿ, 'ನಾನೀಗ ಏನು ಮಾಡ್ಲಿ?' ಎಂದು ಕೇಳುತ್ತಾಳೆ. ಕನ್ನಡದಲ್ಲಿ 'ಬೇಡ', ತುಳುವಿನಲ್ಲಿ 'ಬೊಡ್ಚಿ', ಕೊಂಕಣಿಯಲ್ಲಿ 'ನಾಕಾ': ಮನೆಮಾತು ಯಾವುದೇ ಇರಲಿ, ಮಕ್ಕಳು ಅದರಲ್ಲೇ ಕೂಗಬೇಕು. ಜೋರಾಗಿ ಬೇಡ ಎನ್ನು, ಅಲ್ಲಿಂದ ಓಡು, ನಂಬಿಕೆಯವರಿಗೆ ಹೇಳು ಎಂಬ ಮೂರು ಪಾಠಗಳು ಆಟದೊಳಗೇ ಮುಗಿಯುತ್ತವೆ. ಕೊನೆಗೆ ಪ್ರತಿ ಮಗುವೂ ತನ್ನ ಐದು ಬೆರಳಿಗೆ ನಂಬಿಕೆಯ ಐವರ ಹೆಸರಿಡುತ್ತದೆ: ಅಮ್ಮ, ಅಜ್ಜಿ, ಟೀಚರ್, ಹೀಗೆ.

ಆಟಕ್ಕಿಂತ ಕಠಿಣವಾದದ್ದು ಆಟದ ನಂತರದ ಅರ್ಧ ಗಂಟೆ. ದೊಡ್ಡವರ ಮುಖ ನೋಡಿ ಹೇಳಲಾರದ್ದನ್ನು ಮಗು ಗೊಂಬೆಯ ಕಿವಿಯಲ್ಲಿ ಹೇಳಿಬಿಡಬಹುದು. ನಮ್ಮ ಗುರುಗಳು ಕಲಿಸಿದ ಶಿಸ್ತು ಪರೀಕ್ಷೆಗೊಳಗಾಗುವುದು ಆಗಲೇ. ಮುಖದಲ್ಲಿ ಗಾಬರಿ ತೋರಿಸುವಂತಿಲ್ಲ. ಮಾತನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳುವಂತಿಲ್ಲ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡುವಂತೆಯೂ ಇಲ್ಲ. 'ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ' ಎಂದಷ್ಟೇ ಹೇಳಿ, ಕೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಬೇಕು.

ಈ ಶಿಸ್ತಿಗೆ ಕಾನೂನಿನ ಬೆಂಬಲ ಸಿಕ್ಕಿದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದಾಗ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿ ಪಡೆಯಬೇಕು, ಆಗ ಅವರು ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ 24ನೇ ಸೆಕ್ಷನ್. ಚೈಲ್ಡ್‌ಲೈನ್ ಹೊರತಂದ 'ಕೋಮಲ್' ಎಂಬ ಕಿರು ಆ್ಯನಿಮೇಷನ್ ಚಿತ್ರ ಇದೇ ಪಾಠವನ್ನು ಶಾಲೆಗಳಿಗೆ ಒಯ್ದಿತು. ಚಿತ್ರ ಸಾವಿರಾರು ಮಕ್ಕಳನ್ನು ತಲುಪಬಲ್ಲದು. ಗೊಂಬೆಯಾದರೋ ಮಗು ಕೇಳಿದ ಪ್ರಶ್ನೆಗೆ ನಿಂತು ಉತ್ತರಿಸಬಲ್ಲದು. ಎರಡೂ ಬೇಕು.

2023ರಲ್ಲಿ 1098 ಸಹಾಯವಾಣಿಯ ನಿರ್ವಹಣೆ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರಕಾರದ ವ್ಯವಸ್ಥೆಗೆ ಸೇರಿ, ತುರ್ತು ಸೇವೆಯ 112ರೊಂದಿಗೆ ಜೋಡಣೆಯಾಯಿತು. ಸಂಖ್ಯೆ ಬದಲಾಗಲಿಲ್ಲ. ಹಗಲಿರುಳು ಆ ಕರೆಗಳನ್ನು ಸ್ವೀಕರಿಸಿದ, ಮಧ್ಯರಾತ್ರಿ ಬಸ್‌ನಿಲ್ದಾಣಕ್ಕೆ, ರೈಲುನಿಲ್ದಾಣಕ್ಕೆ ಓಡಿದ ಕಾರ್ಯಕರ್ತರ ದುಡಿಮೆಗೆ ಹಳೆಯ ವಿದ್ಯಾರ್ಥಿಗಳಾದ ನಮ್ಮ ಬಳಗದ ಹೃತ್ಪೂರ್ವಕ ವಂದನೆಗಳು.

'ಯಾರಿಗಾದರೂ ಹೇಳು' ಎಂದು ಗೊಂಬೆ ಮಗುವಿಗೆ ಕೊಡುವ ಭರವಸೆ ನಿಜವಾಗುವುದು, ಕೇಳಲು ಬಲ್ಲವರು ಆ ಊರಿನಲ್ಲಿದ್ದಾಗ ಮಾತ್ರ. ಅಂಥವರನ್ನು ವರ್ಷ ವರ್ಷವೂ ತಯಾರು ಮಾಡಿ ಕಳಿಸಿದ್ದು ರೋಶನಿ ನಿಲಯದ ದೊಡ್ಡ ಕೊಡುಗೆ. ಗೊಂಬೆಯಾಟ ಏರ್ಪಡಿಸುವ ಪ್ರತಿ ಶಾಲೆಯೂ ಆಟಕ್ಕೆ ಮೊದಲೇ, ಮಗು ಬಂದು ಹೇಳಿದರೆ ಕೇಳುವವರು ಯಾರು ಎಂಬುದನ್ನು ಗೊತ್ತುಮಾಡಿ ಅವರಿಗೆ ತರಬೇತಿ ಕೊಡಿಸಲಿ. ಆ ತರಬೇತಿಗೆ ನಮ್ಮ ಬಳಗ ಸದಾ ಸಿದ್ಧವಿದೆ.