ಉತ್ತರ ಮತ್ತು ಹೊಣೆ

'ಉತ್ತರ' ಎಂಬುದು ನಮ್ಮ ನಿತ್ಯದ ಮಾತು. ಶಾಲೆಯ ಮಕ್ಕಳು ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ಹಿರಿಯರಿಗೆ ಎದುರುತ್ತರ ಕೊಡಬಾರದೆಂದು ಮನೆಯಲ್ಲಿ ಕಲಿಯುತ್ತಾರೆ. ಕರೆದವರಿಗೆ 'ಓ' ಎನ್ನುವುದೂ ಒಂದು ಉತ್ತರವೇ. ಆದರೆ ಊರಿನ ಲೆಕ್ಕ ತಪ್ಪಿದಾಗ 'ಇದಕ್ಕೆ ಯಾರು ಉತ್ತರ ಹೇಳುವವರು?' ಎಂದು ಕೇಳುತ್ತೇವಲ್ಲ, ಅಲ್ಲಿ ಉತ್ತರವೆಂದರೆ ಬರಿಯ ಮಾತಲ್ಲ, ಹೊಣೆ. ಮಾತು ಮತ್ತು ಹೊಣೆ ಎಂಬ ಈ ಎರಡು ಅರ್ಥಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ವಿಚಾರಾರ್ಹವಾದ ಸಂಗತಿ.

ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಂದರ್ಭದಲ್ಲಿ ನಡೆಯುವ ಕಾರ್ಣಿಕ ನಾಡಿಗೆಲ್ಲ ಪರಿಚಿತ. ವ್ರತಸ್ಥನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಲೇ ನೆರೆದ ಜನಸಾಗರ ನಿಶ್ಶಬ್ದವಾಗುತ್ತದೆ. ಅವನು ನುಡಿಯುವುದು ಒಂದೇ ಸಾಲು. ಮಳೆ ಬೆಳೆಗಳ, ರಾಜಕಾರಣದ ಪ್ರಶ್ನೆಗಳನ್ನು ಎದೆಯಲ್ಲಿಟ್ಟುಕೊಂಡು ಬಂದವರು ಆ ಸಾಲಿನಲ್ಲಿ ತಮ್ಮ ತಮ್ಮ ಉತ್ತರವನ್ನು ಕಂಡುಕೊಳ್ಳುತ್ತಾರೆ. 'ಕಾರಣಿಕ' ಎಂಬ ಪದಕ್ಕೆ ಸಂಸ್ಕೃತದಲ್ಲಿ ಕಾರಣವನ್ನು ಪರೀಕ್ಷಿಸುವವನು, ನ್ಯಾಯವಿಚಾರಕ ಎಂಬ ಅರ್ಥವೂ ಉಂಟು. ಆದರೆ ಗುಡ್ಡದ ಕಾರ್ಣಿಕವನ್ನು ಮರುಪ್ರಶ್ನಿಸುವ ಪದ್ಧತಿಯಿಲ್ಲ. ಅರ್ಥ ಹೇಳುವ ಹೊಣೆ ಕೇಳಿದವರದು, ನುಡಿದವನದಲ್ಲ. ನ್ಯಾಯಸ್ಥಾನದ ಉತ್ತರ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಆಡಿದ ಮಾತು ಆಡಿದವನನ್ನೇ ಕಟ್ಟಿಹಾಕುತ್ತದೆ.

ನ್ಯಾಯಸ್ಥಾನದ ಉತ್ತರವನ್ನು ಸೂಕ್ಷ್ಮವಾಗಿ ವಿವೇಚಿಸಿದ ಗ್ರಂಥವೊಂದು ನಮ್ಮ ಕಲ್ಯಾಣದಲ್ಲಿಯೇ ಹುಟ್ಟಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯ ಭಾಷೆ ಮೊದಲನೆಯದು, ಪ್ರತಿವಾದಿಯ ಉತ್ತರ ಎರಡನೆಯದು. ಆ ಉತ್ತರವನ್ನು ವಾದಿಯ ಸಮ್ಮುಖದಲ್ಲಿಯೇ ಬರೆದುಕೊಳ್ಳಬೇಕು. ಉತ್ತರದಲ್ಲಿಯೂ ನಾಲ್ಕು ಬಗೆ. 'ಹೌದು, ಕೊಡಬೇಕಾದದ್ದು ನಿಜ' ಎಂಬುದು ಸಂಪ್ರತಿಪತ್ತಿ. 'ನಾನು ಪಡೆದೇ ಇಲ್ಲ' ಎಂಬುದು ಮಿಥ್ಯೋತ್ತರ. 'ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ' ಎಂಬುದು ಕಾರಣೋತ್ತರ. 'ಈ ವಿವಾದದಲ್ಲಿ ಇವನು ಹಿಂದೆಯೇ ಸೋತಿದ್ದಾನೆ' ಎಂಬುದು ಪ್ರಾಙ್ನ್ಯಾಯ. ಸಂದಿಗ್ಧವಾದುದು, ಪ್ರಕೃತವನ್ನು ಬಿಟ್ಟು ಬೇರೆ ಹೇಳುವುದು, ಅತಿ ಅಲ್ಪವಾದುದು, ಅತಿ ವಿಸ್ತಾರವಾದುದು, ಆರೋಪದ ಒಂದು ಭಾಗಕ್ಕೆ ಮಾತ್ರ ತಾಗುವುದು ಇವು ಉತ್ತರಗಳಲ್ಲ, ಉತ್ತರದ ಆಭಾಸಗಳು.

ಎಂಟು ಶತಮಾನಗಳು ಕಳೆದ ಮೇಲೆ ಬಂದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ ಇಂಥದೇ ವಿವೇಚನೆ ಕಾಣುತ್ತದೆ. ಪ್ರತಿವಾದಿಯು ತನ್ನ ಲಿಖಿತ ಹೇಳಿಕೆಯಲ್ಲಿ ಪ್ರತಿಯೊಂದು ಸಂಗತಿಯನ್ನೂ ನಿರ್ದಿಷ್ಟವಾಗಿ ಅಲ್ಲಗಳೆಯಬೇಕು. ಹಾರಿಕೆಯ ನಿರಾಕರಣೆ ಸಲ್ಲದು. ಅಲ್ಲಗಳೆಯದುದನ್ನು ಒಪ್ಪಿದಂತೆಯೇ ಭಾವಿಸಲಾಗುತ್ತದೆ. 'ಮೌನಂ ಸಮ್ಮತಿಲಕ್ಷಣಂ' ಎಂಬ ಗಾದೆ ಇಲ್ಲಿ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಅಪರಾಧದ ವಿಚಾರಣೆಯಲ್ಲಿ ಇದೇ ಗಾದೆ ಸಲ್ಲುವುದಿಲ್ಲ. ಆರೋಪಿಯು ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂದು ನಮ್ಮ ಸಂವಿಧಾನದ 20(3)ನೆಯ ಅನುಚ್ಛೇದ ವಿಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರವೂ ನ್ಯಾಯಾಧೀಶರ ಪ್ರಶ್ನೆಗೆ ಆರೋಪಿ ಉತ್ತರಿಸದಿದ್ದರೆ ಅದಕ್ಕಾಗಿ ಅವನು ಶಿಕ್ಷಾರ್ಹನಲ್ಲ. ಬಡವನನ್ನು ಹೆದರಿಸಿ, ಹೊಡೆದು ಹೊರಡಿಸಿದ ಮಾತು ಉತ್ತರವಲ್ಲ ಎಂಬ ವಿವೇಕವೇ ಇದರ ತಿರುಳು.

ವಿಜ್ಞಾನೇಶ್ವರನ ಚಕ್ರವರ್ತಿಯ ತರುವಾಯ ಅರ್ಧ ಶತಮಾನ ಕಳೆಯುವ ಮೊದಲೇ ಅದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರು. ರಾಜಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂದು ಕೊಂಡೆಯರು ಅರಸನಲ್ಲಿ ದೂರಿದರೆಂದೂ, ಬಸವಣ್ಣನವರು ಭಂಡಾರವನ್ನು ತೆರೆಯಿಸಿ ಎಣಿಸಿ ತೋರಿಸಲಾಗಿ ಹಣ ಕೊರತೆಯಿಲ್ಲದೆ ದೊರೆಯಿತೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಇದನ್ನು ಕನ್ನಡಕ್ಕೆ ತಂದನು. ಇದು ಪುರಾಣದ ನಿರೂಪಣೆಯೇ ಹೊರತು ಶಾಸನದ ದಾಖಲೆಯಲ್ಲ. ಆದರೂ ಶರಣಸಮಾಜವು ಉತ್ತರವೆಂಬುದನ್ನು ಹೇಗೆ ಗ್ರಹಿಸಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಲ್ಲಿಯ ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ಶಾಸ್ತ್ರದ ದೃಷ್ಟಿಯಲ್ಲಿ ಬಸವಣ್ಣನವರದು ಮಿಥ್ಯೋತ್ತರ, ಅಂದರೆ ಆರೋಪದ ನಿರಾಕರಣೆ. ಪ್ರತಿವಾದಿಯು 'ಇಲ್ಲ' ಎಂದಾಗ ಪ್ರಮಾಣವನ್ನು ಒದಗಿಸಬೇಕಾದವನು ವಾದಿ. ಕಾರಣೋತ್ತರ, ಪ್ರಾಙ್ನ್ಯಾಯಗಳಲ್ಲಿ ಮಾತ್ರ ಆ ಭಾರ ಪ್ರತಿವಾದಿಯದು. ಹೀಗಾಗಿ 'ನಾನು ಮುಟ್ಟಿಲ್ಲ, ಮುಟ್ಟಿದ್ದರೆ ನೀವು ತೋರಿಸಿರಿ' ಎಂದು ಅವರು ಸುಮ್ಮನಿರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ತನ್ನದಲ್ಲದ ಭಾರವನ್ನು ತಾನೇ ಹೊತ್ತು ಬೀಗವನ್ನು ತೆಗೆಸಿದರು. ಮಾತಿನ ಉತ್ತರ ಎಲ್ಲಿ ಮುಗಿಯಬಹುದಾಗಿತ್ತೋ ಅಲ್ಲಿಂದಲೇ ಹೊಣೆಯ ಉತ್ತರ ಆರಂಭವಾಯಿತು.

ಹಾಗೆಂದು ನ್ಯಾಯಸ್ಥಾನದಲ್ಲಿ ಮೌನವಾಗಿರುವವನೆಲ್ಲ ಅಪರಾಧಿಯೆಂದು ಬಗೆಯುವುದು ಸರಿಯಲ್ಲ. ಆ ಮೌನ ಅಸಹಾಯಕನಿಗೆ ಕಾನೂನು ಕೊಟ್ಟ ಕವಚ. ಆದರೆ ಸಂಘದ ನಿಧಿಯನ್ನೋ, ದೇವಸ್ಥಾನದ ಹುಂಡಿಯನ್ನೋ, ಮಠದ ಆಸ್ತಿಯನ್ನೋ, ಶಾಲೆಯ ಶುಲ್ಕವನ್ನೋ ಕೈಯಲ್ಲಿ ಹಿಡಿದವರು ಊರಿನವರು ಲೆಕ್ಕ ಕೇಳಿದಾಗ ಅದೇ ಕವಚವನ್ನು ತೊಡುವುದು ಉಚಿತವಲ್ಲ. ಅವರಿಗೆ ನ್ಯಾಯಾಲಯದ ಕರೆ ಬರುವವರೆಗೆ ಕಾಯುವ ಪ್ರಮೇಯವೂ ಇರಬಾರದು. ಕೇಳಿದವರು ದ್ವೇಷದಿಂದ ಕೇಳಿದರೂ ಭಂಡಾರದ ಬಾಗಿಲು ತೆರೆದಿರಬೇಕೆಂಬುದೇ ಕಲ್ಯಾಣದ ಭಂಡಾರಿ ತೋರಿದ ಉತ್ತರ.