ಸಂತ ಪೊಲಿಕಾರ್ಪರ ಮೂಳೆಗಳು ಮತ್ತು ವಿದ್ವಾಂಸರ ಸಂಶಯ

ಸ್ಮಿರ್ನಾದ ಧರ್ಮಾಧ್ಯಕ್ಷ ಸಂತ ಪೊಲಿಕಾರ್ಪರ ಮರಣವೃತ್ತಾಂತವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಈಚೆಗೆ ಪಾಂಡಿತ್ಯದ ಲಕ್ಷಣವೆನಿಸಿದೆ. ಅದು ಎರಡನೆಯ ಶತಮಾನದ ಬರಹವಲ್ಲ, ಮೂರನೆಯದ್ದು ಎಂದು ವಿದ್ವಾಂಸೆ ಕ್ಯಾಂಡಿಡಾ ಮಾಸ್ 2010ರಲ್ಲಿ ವಾದಿಸಿದರು. 2013ರಲ್ಲಿ ಅವರ ಜನಪ್ರಿಯ ಪುಸ್ತಕ ಬಂದ ಮೇಲೆ ಆ ವಾದದ ಎಚ್ಚರಿಕೆಗಳೆಲ್ಲ ಉದುರಿ, ತೀರ್ಮಾನವೊಂದೇ ಬಾಯಿಂದ ಬಾಯಿಗೆ ಸಾಗಿತು. ಸಂತಚರಿತ್ರೆಗಳ ಅಧ್ಯಯನ ನಡೆದುಬಂದ ದಾರಿಯನ್ನು ಬಲ್ಲವರಿಗೆ ಆ ತೀರ್ಮಾನ ಅಷ್ಟು ಸಲೀಸಾಗಿ ಒಪ್ಪಿತವಾಗುವುದಿಲ್ಲ.

ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೊಲ್ಲಾಂಡಿಸ್ಟ್ ಗುಂಪಿನ ಜೆಸ್ವಿಟ್ ವಿದ್ವಾಂಸರು 1643ರಿಂದ ಸಂತಚರಿತ್ರೆಗಳನ್ನು ಅಚ್ಚು ಹಾಕತೊಡಗಿದರು. ಪೊಲಿಕಾರ್ಪರ ಮರಣವೃತ್ತಾಂತದ ಗ್ರೀಕ್ ಪಠ್ಯವನ್ನು ಜೇಮ್ಸ್ ಅಶರ್ 1647ರಲ್ಲಿ ಹೊರತಂದರು. ರೋಮನ್ ಅಧಿಕಾರಿಗಳ ಕಾಲಾನುಕ್ರಮವನ್ನು ಆಧರಿಸಿ ವಾಡಿಂಗ್ಟನ್ 1867ರಲ್ಲಿ ಮರಣದ ವರ್ಷ 155 ಎಂದರು, 1885ರಲ್ಲಿ ಲೈಟ್‌ಫುಟ್ ಅದನ್ನು ಬಲಪಡಿಸಿದರು. ಪೊಲಿಕಾರ್ಪರು ಇದ್ದರೇ ಎಂಬ ಪ್ರಶ್ನೆಗೆ ಇಲ್ಲಿ ಎಡೆಯೇ ಇಲ್ಲ: ಅವರಿಗೆ ಇಗ್ನೇಷಿಯಸ್ ಬರೆದ ಪತ್ರವಿದೆ, ಫಿಲಿಪ್ಪಿಯವರಿಗೆ ಅವರೇ ಬರೆದದ್ದಿದೆ, ಎಳೆವಯಸ್ಸಿನಲ್ಲಿ ಅವರನ್ನು ಕಂಡಿದ್ದ ಐರೇನಿಯಸರ ನೆನಪಿದೆ. ಜಗಳವಿರುವುದು ಸಾವಿನ ಕಥನದ ಬಗ್ಗೆ.

ಆ ಕಥನದ ಮೇಲೆ ಕೈಯಾಡಿರುವುದಂತೂ ನಿಜ. ಚಿತೆಯ ಬೆಂಕಿ ಮುಟ್ಟದಿದ್ದಾಗ ಕಠಾರಿಯಿಂದ ಇರಿದರು, ಆಗ ಪಾರಿವಾಳ ಹೊರಬಂತು ಎಂದು ಹಸ್ತಪ್ರತಿಗಳು ಹೇಳುತ್ತವೆ. ನಾಲ್ಕನೆಯ ಶತಮಾನದ ಯೂಸೇಬಿಯಸ್ ಇದೇ ವೃತ್ತಾಂತವನ್ನು ಉದ್ಧರಿಸುವಾಗ ಪಾರಿವಾಳದ ಸುಳಿವೇ ಇಲ್ಲ. ಇಂಥ ಸೇರಿಕೆಗಳನ್ನು ಕಾಂಪೆನ್‌ಹೌಸೆನ್ 1957ರಲ್ಲಿ ಪದರ ಪದರವಾಗಿ ಬಿಡಿಸಿದ್ದು ದೊಡ್ಡ ಕೆಲಸವೇ. ಆದರೆ ಆಮೇಲೆ ಸುಟ್ಟ ದೇಹದ ಮೂಳೆಗಳನ್ನು ಭಕ್ತರು ಆಯ್ದು ತಕ್ಕ ಜಾಗದಲ್ಲಿ ಇಟ್ಟು, ವರ್ಷವರ್ಷ ಅಲ್ಲಿ ಕೂಡುವ ಮಾತು ಬಂದಾಗ ಕಥನ ತಡವಾದದ್ದು ಎನ್ನುವವರ ವಾದ ಸುತ್ತು ಹೊಡೆಯುತ್ತದೆ. ಅವಶೇಷಗಳ ಆರಾಧನೆ ಮೂರನೆಯ ಶತಮಾನದ್ದು, ಆದ್ದರಿಂದ ಈ ಭಾಗ ತಡವಾದದ್ದು. ಈ ಭಾಗ ತಡವಾದದ್ದು, ಆದ್ದರಿಂದ ಆರಾಧನೆಗೆ ಅದಕ್ಕೂ ಹಿಂದಿನ ಸಾಕ್ಷ್ಯವಿಲ್ಲ. ಯಾವುದನ್ನು ಸಾಧಿಸಬೇಕೋ ಅದನ್ನೇ ಆಧಾರವಾಗಿಟ್ಟುಕೊಂಡರೆ ಗೆಲುವು ಸುಲಭ.

ಈ ಸುಳಿಯಿಂದ ಹೊರಬರುವ ದಾರಿ ತೋರಿದ್ದು ಆರಾಧನೆಯನ್ನೇ ಚರಿತ್ರೆಯಾಗಿ ಓದಿದ ತಲೆಮಾರು. 1981ರಲ್ಲಿ ಪೀಟರ್ ಬ್ರೌನ್ ಸಂತರ ಸಮಾಧಿಗಳ ಸುತ್ತಲ ಸಮಾಜವನ್ನು ಚಿತ್ರಿಸಿದರು. ಕನ್ನಡದ ವಿದ್ವತ್ತು ಆ ಹೊತ್ತಿಗೆ ಹಿಂದೆ ಬಿದ್ದಿರಲಿಲ್ಲ. ಚಿದಾನಂದಮೂರ್ತಿಯವರು 1966ರಲ್ಲೇ ಶಾಸನಗಳಲ್ಲಿ ವೀರರ ನೆನಪನ್ನು ಹುಡುಕಿದ್ದರು, 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಜಗತ್ತಿನ ಮುಂದಿಟ್ಟಿತು. ಉದಾಹರಣೆಗೆ, ಸಂಡೂರಿನ ಬೆಟ್ಟಸಾಲಿನಲ್ಲಿ ಹೊಸಮಲೆದುರ್ಗದ ನೆನಪೂ ವೀರ ಕುಮಾರರಾಮನ ಕಥೆಯೂ ಬೆಸೆದುಕೊಂಡಿವೆ. ಅವನು ದೆಹಲಿಯ ಸೇನೆಗೆ ಬಲಿಯಾದದ್ದು ಹದಿನಾಲ್ಕನೆಯ ಶತಮಾನದ ಮೊದಲರ್ಧದಲ್ಲಿ, ನಂಜುಂಡ ಕವಿ ಅವನ ಮೇಲೆ ಕಾವ್ಯ ಬರೆದದ್ದು ಹದಿನಾರನೆಯದರಲ್ಲಿ. ಕಾವ್ಯ ತಡವಾಯಿತೆಂದು ಆರಾಧನೆಯೂ ತಡವೆಂದು ನಮ್ಮವರು ಹೇಳಲಿಲ್ಲ.

ರೋಮನ್ ಏಷ್ಯಾಕ್ಕೂ ತುಂಗಭದ್ರೆಯ ದಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹೋಲಿಕೆ ಪುರಾವೆಯಲ್ಲ, ಒಪ್ಪಿದೆ. ಕುಮಾರರಾಮನಿಂದ ಪೊಲಿಕಾರ್ಪರ ಮರಣದ ವರ್ಷ ಸಿಗದು. ಆದರೆ ಸತ್ತವನ ನೆನಪು ಕಟ್ಟಲು ಜನ ತತ್ತ್ವಶಾಸ್ತ್ರ ಸಿದ್ಧವಾಗುವವರೆಗೆ ಕಾಯುವುದಿಲ್ಲ ಎಂಬುದನ್ನು ವೀರಗಲ್ಲುಗಳು ಸಾರಿ ಹೇಳುತ್ತವೆ. ಅಷ್ಟಾದರೆ ಎರಡನೆಯ ಶತಮಾನದಲ್ಲಿ ಮೂಳೆ ಆಯ್ದದ್ದು ಅಸಂಭವ ಎನ್ನುವವರ ಮೇಲೆಯೇ ರುಜುವಾತಿನ ಹೊರೆ ಬೀಳುತ್ತದೆ.

ಆದರೂ ಆರಾಧನೆಯನ್ನು ಚರಿತ್ರೆಯಾಗಿ ಓದುವ ಈ ಹತಾರವನ್ನು ನಾವು ಕ್ರೈಸ್ತ ಆರಾಧನೆಯ ಕಡೆ ತಿರುಗಿಸಿದ್ದು ಕಡಿಮೆ. 258ರ ಆಗಸ್ಟ್ 6ರಂದು ಹತರಾದ ರೋಮಿನ ಧರ್ಮಾಧ್ಯಕ್ಷ ಎರಡನೆಯ ಸಿಕ್ಸ್ಟಸರಿಗಲ್ಲ, ನಾಲ್ಕು ದಿನ ತಡವಾಗಿ ಸತ್ತ ಅವರ ಡೀಕನ್ ಲಾರೆನ್ಸರಿಗೆ ಕಾರ್ಕಳದ ಅತ್ತೂರಿನಲ್ಲಿ ಜಾತ್ರೆಯೇ ನಡೆಯುತ್ತದೆ, ಅದೂ ಜನವರಿಯಲ್ಲಿ. ಜಾತಿ ಮತ ನೋಡದೆ ಜನ ಅಲ್ಲಿ ಮೇಣದಬತ್ತಿ ಹಚ್ಚುತ್ತಾರೆ. 2016ರಲ್ಲಿ ಅದು ಬಸಿಲಿಕವೂ ಆಯಿತು. ಮರಣದಿನ ಬಿಟ್ಟು ಬೇರೆ ತಿಂಗಳಿಗೆ ಹಬ್ಬ ನೆಲೆಗೊಂಡ ಬಗೆ, ಹರಕೆಯ ರೀತಿ, ಧರ್ಮಾಧ್ಯಕ್ಷರನ್ನು ಬಿಟ್ಟು ಅವರ ಡೀಕನನ್ನು ಜನ ಆರಿಸಿಕೊಂಡ ಕಾರಣ: ಇವು ಭಕ್ತಿಕಥೆಗೆ ಬಿಟ್ಟುಕೊಡುವ ವಿಷಯಗಳಲ್ಲ. ಪಠ್ಯದ ಕಾಲ ನಿರ್ಣಯಿಸುವವರು ಇಂಥ ಜೀವಂತ ಆರಾಧನೆಯನ್ನೂ ಓದಲು ಕಲಿತರೆ, ಪೊಲಿಕಾರ್ಪರ ಮೂಳೆಗಳ ಬಗ್ಗೆ ಇಷ್ಟು ಅವಸರದಲ್ಲಿ ತೀರ್ಪು ಕೊಡಲಾರರು.